ಪೊರೆ ಬಲಿಯಲಿ ಎಂದು ಕಾಯಬೇಡಿ

ಮನೆಯಲ್ಲಿ ಹಿರಿಯರೊಬ್ಬರಿಗೆ ಕಣ್ಣಿನ ಪೊರೆ ಬಂದಿದೆ ಎಂದು ಗೊತ್ತಾದ ದಿನದಿಂದಲೇ ಸಲಹೆಗಳು ಶುರುವಾಗುತ್ತವೆ. "ಈಗಲೇ ಯಾಕೆ ಆಪರೇಷನ್ನು? ಪೊರೆ ಇನ್ನೂ ಬಲಿತಿರೋದಿಲ್ಲ, ತಾಳಿ." "ಬೇಸಿಗೆ ಕಳೀಲಿ, ಈ ಸೆಕೆಗೆ ಗಾಯ ಮಾಯೋದಿಲ್ಲ." "ಇನ್ನೊಂದು ಕಣ್ಣು ಕಾಣ್ತಿದೆಯಲ್ಲ, ಸಾಕು ಬಿಡಿ." ಹೇಳುವವರು ಅಕ್ಕರೆಯಿಂದಲೇ ಹೇಳುತ್ತಾರೆ. ಕೇಳುವ ಅಜ್ಜಿಗೋ ತಾತನಿಗೋ ಅದು ಹಿತವಾಗಿಯೇ ಇರುತ್ತದೆ. ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳಲು ಯಾರಿಗೆ ತಾನೇ ಆತುರ? ಹೀಗೇ ವರ್ಷ ಎರಡು ವರ್ಷ ಸರಿಯುತ್ತದೆ. ಅಷ್ಟರಲ್ಲಿ ಅವರು ಪೇಪರ್ ಓದುವುದನ್ನು ಬಿಟ್ಟಿರುತ್ತಾರೆ, ಅಕ್ಕಿ ಆರಿಸುವುದನ್ನು ಬಿಟ್ಟಿರುತ್ತಾರೆ, ಕತ್ತಲಾದ ಮೇಲೆ ಒಬ್ಬರೇ ಹೊರಗೆ ಹೋಗುವುದನ್ನೂ ಬಿಟ್ಟಿರುತ್ತಾರೆ. ವಯಸ್ಸಾಯ್ತಲ್ಲ, ಇನ್ನೇನು ಎಂದು ಮನೆಯವರೂ ಒಪ್ಪಿಕೊಂಡುಬಿಟ್ಟಿರುತ್ತಾರೆ.

ಈ ಸಲಹೆಗಳನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಅವು ಸರಿಯಾದ ಮಾತೇ ಆಗಿದ್ದವು. ಆಗ ಪೊರೆ ಕಟ್ಟಿದ ಮಸೂರವನ್ನು ಇಡಿಯಾಗಿ ಹೊರತೆಗೆಯುತ್ತಿದ್ದರು, ಅದರ ಜಾಗದಲ್ಲಿ ಬೇರೇನನ್ನೂ ಇಡುತ್ತಿರಲಿಲ್ಲ. ಆಪರೇಷನ್ ಆದವರು ತಲೆ ಅಲುಗಿಸದೆ ದಿನಗಟ್ಟಲೆ ಮಲಗಿರಬೇಕಿತ್ತು. ಆಮೇಲೆ ಬದುಕಿಡೀ ದಪ್ಪ ಗಾಜಿನ ಸೋಡಾಬುಡ್ಡಿ ಕನ್ನಡಕ. ಆ ಕನ್ನಡಕದಲ್ಲಿ ವಸ್ತುಗಳು ಇರುವುದಕ್ಕಿಂತ ಕಾಲುಭಾಗದಷ್ಟು ದೊಡ್ಡದಾಗಿ ಕಾಣುತ್ತಿದ್ದವು, ಪಕ್ಕದ ನೋಟ ಕತ್ತರಿಸಿಹೋಗುತ್ತಿತ್ತು. ಒಂದು ಕಣ್ಣು ಚೆನ್ನಾಗಿರುವಾಗ ಇನ್ನೊಂದಕ್ಕೆ ಮಾತ್ರ ಆಪರೇಷನ್ ಮಾಡಿಸಿದರೆ ಎರಡೂ ಕಣ್ಣಿನ ಚಿತ್ರಗಳು ಬೇರೆ ಬೇರೆ ಅಳತೆಯವಾಗಿ, ಒಂದು ಎರಡಾಗಿ ಕಾಣುತ್ತಿತ್ತು. ಹಾಗಿರುವಾಗ ನೋಟ ಪೂರ್ತಿ ಹೋಗುವ ತನಕ ಕಾಯುವುದೇ ಜಾಣತನವಾಗಿತ್ತು.

ಆ ಕಾಲದಲ್ಲೂ ಲಕ್ಷಾಂತರ ಮಂದಿಗೆ ಕಣ್ಣು ಕೊಟ್ಟವರು ಬೀಳಗಿಯ ಡಾ. ಎಂ.ಸಿ. ಮೋದಿ. 1940ರ ದಶಕದಲ್ಲಿ ಹಳ್ಳಿ ಹಳ್ಳಿ ಸುತ್ತಲು ಹೊರಟ ಅವರು ಶಾಲೆ, ಛತ್ರ, ಮಠಗಳನ್ನೇ ಆಸ್ಪತ್ರೆ ಮಾಡಿಕೊಂಡು ಶಿಬಿರ ನಡೆಸಿದರು. ಒಂದೇ ದಿನ 833 ಮಂದಿಗೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿದ್ದು ಗಿನ್ನೆಸ್ ದಾಖಲೆ. 1968ರಲ್ಲಿ ಪದ್ಮಭೂಷಣ ಬಂತು, 2005ರಲ್ಲಿ ತೀರಿಕೊಂಡರು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಕಣ್ಣಾಪರೇಷನ್ ಎಂದರೆ ಇವತ್ತಿಗೂ ಮೋದಿ ಡಾಕ್ಟರ ಶಿಬಿರವೇ ನೆನಪು: ಸಾಲಾಗಿ ಮಲಗಿದವರು, ಕಣ್ಣಿಗೆ ಪಟ್ಟಿ, ಅಲುಗಾಡಬೇಡಿ ಎಂಬ ಎಚ್ಚರಿಕೆ. ಶಸ್ತ್ರಚಿಕಿತ್ಸೆ ಬದಲಾಗಿ ದಶಕಗಳಾದವು. ಮನೆಯೊಳಗಿನ ಮಾತು ಮಾತ್ರ ಆ ಶಿಬಿರದ ದಿನಗಳಲ್ಲೇ ಉಳಿದಿದೆ.

ಬದಲಾವಣೆಯ ಮೊದಲ ಹೆಜ್ಜೆ ಲಂಡನ್ನಿನದು. ಎರಡನೇ ಮಹಾಯುದ್ಧದಲ್ಲಿ ಗುಂಡೇಟು ಬಿದ್ದು ವಿಮಾನದ ಮೇಲ್ಮುಚ್ಚಳ ಸಿಡಿದಾಗ ಅದರ ಪರ್ಸ್‌ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನ ಚೂರುಗಳು ಪೈಲಟ್‌ಗಳ ಕಣ್ಣಿಗೆ ಹೊಕ್ಕಿದ್ದವು. ಆ ಚೂರುಗಳು ಒಳಗೇ ಉಳಿದರೂ ಕಣ್ಣು ಕೆರಳಲಿಲ್ಲ ಎಂಬುದನ್ನು ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಗಮನಿಸಿದರು. ಅದೇ ವಸ್ತುವಿನಿಂದ ಮಸೂರ ಮಾಡಿಸಿ 1949ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಯ ಕಣ್ಣೊಳಗೆ ಇಟ್ಟರು. ಸಹೋದ್ಯೋಗಿಗಳು ವರ್ಷಗಟ್ಟಲೆ ವಿರೋಧಿಸಿದರು. ಮುಪ್ಪಿನಲ್ಲಿ ರಿಡ್ಲಿಯವರಿಗೇ ಪೊರೆ ಬಂದು, ಅದೇ ಆಸ್ಪತ್ರೆಯಲ್ಲಿ ಅವರ ಕಣ್ಣಿಗೂ ಕೃತಕ ಮಸೂರ ಹಾಕಿದರು.

ಎರಡನೆಯ ಹೆಜ್ಜೆ ನ್ಯೂಯಾರ್ಕಿನದು. ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕೂತಿದ್ದ ಚಾರ್ಲ್ಸ್ ಕೆಲ್ಮನ್ ಎಂಬ ನೇತ್ರತಜ್ಞರಿಗೆ, ಹಲ್ಲಿನ ಪಾಚಿ ಕೀಳುವ ಶ್ರವಣಾತೀತ ಕಂಪನದ ಉಪಕರಣದಿಂದಲೇ ಪೊರೆಯನ್ನೂ ಪುಡಿ ಮಾಡಬಹುದಲ್ಲ ಎಂದು ಹೊಳೆಯಿತು. 1967ರಲ್ಲಿ ಅವರು ಆ ಕ್ರಮವನ್ನು ರೋಗಿಯ ಮೇಲೆ ಪ್ರಯೋಗಿಸಿದರು. ಇವತ್ತು ಎಲ್ಲೆಲ್ಲೂ ನಡೆಯುವ ಫೇಕೋ ಅದೇ. ನಮ್ಮಲ್ಲಿ ಜನ ಇದನ್ನು 'ಲೇಸರ್ ಆಪರೇಷನ್' ಎನ್ನುತ್ತಾರೆ, ಕೆಲವು ಆಸ್ಪತ್ರೆಗಳ ಬೋರ್ಡುಗಳೂ ಆ ತಪ್ಪನ್ನು ತಿದ್ದುವುದಿಲ್ಲ. ಫೇಕೋದಲ್ಲಿ ಕೆಲಸ ಮಾಡುವುದು ಶ್ರವಣಾತೀತ ತರಂಗ. ಕೆಲವು ಹಂತಗಳಿಗೆ ಲೇಸರ್ ಬಳಸುವ ಬೇರೊಂದು ವಿಧಾನವಿದೆ, ಅದು ದುಬಾರಿ. ಸಾಮಾನ್ಯ ಪೊರೆಗೆ ಅದರ ಅನಿವಾರ್ಯವಿಲ್ಲ.

ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆಯುವ ಪದರ ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಪಾಪೆಯ ಹಿಂದೆ ಸುಮಾರು 9 ಮಿಲಿಮೀಟರ್ ಅಗಲದ ಪಾರದರ್ಶಕ ಮಸೂರವಿದೆ. ವಯಸ್ಸಾದಂತೆ ಅದರೊಳಗಿನ ಪ್ರೋಟೀನು ಮುದ್ದೆಗಟ್ಟಿ, ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ ಮಸೂರವೇ ಮಬ್ಬಾಗುತ್ತದೆ. ಅದಕ್ಕೇ ಯಾವ ಹನಿಯಿಂದಲೂ, ಯಾವ ಸೊಪ್ಪಿನ ರಸದಿಂದಲೂ ಪೊರೆ ಕರಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಬೇಗ ಬರುತ್ತದೆ. ಕೆಲವರಿಗೆ ಪೊರೆಯ ಆರಂಭದಲ್ಲಿ ಹತ್ತಿರದ ಕನ್ನಡಕವಿಲ್ಲದೆಯೇ ಓದಲು ಬಂದುಬಿಡುತ್ತದೆ. ಕಣ್ಣು ಮರಳಿ ಬಂತು ಎಂದು ಹಿಗ್ಗುವ ಹಿರಿಯರನ್ನು ತಡಮಾಡದೆ ತಪಾಸಣೆಗೆ ಕರೆದೊಯ್ಯಿರಿ; ಮಸೂರ ಗಟ್ಟಿಯಾಗಿ ದೂರದ ನೋಟ ಕೆಡುತ್ತಿರುವುದರ ಸೂಚನೆ ಅದು.

ಹಾಗಾದರೆ ಯಾವಾಗ ಮಾಡಿಸಬೇಕು? ಅವರ ನಿತ್ಯದ ಕೆಲಸಕ್ಕೆ ನೋಟ ಅಡ್ಡಿಯಾದಾಗ. ಎದುರು ಬರುವ ಬೈಕಿನ ದೀಪ ಕಣ್ಣು ಕುಕ್ಕಿದರೆ, ಬಸ್ಸಿನ ಬೋರ್ಡು ಓದಲಾಗದಿದ್ದರೆ, ಮೆಟ್ಟಿಲ ಅಂಚು ತಿಳಿಯದಿದ್ದರೆ ಅದೇ ಸಮಯ. ಕಾದಷ್ಟೂ ಮಸೂರ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅದನ್ನು ಒಡೆಯಲು ಹೆಚ್ಚು ಶಕ್ತಿಯ ತರಂಗ ಬೇಕಾಗುತ್ತದೆ, ಕಾರ್ನಿಯಾದ ಒಳಪದರದ ಕೋಶಗಳು ನಾಶವಾಗುತ್ತವೆ. ಆ ಕೋಶಗಳು ಮತ್ತೆ ಹುಟ್ಟುವುದಿಲ್ಲ. ಇನ್ನೂ ಕಾದರೆ ಮಸೂರ ಊದಿಕೊಂಡು ಕಣ್ಣಿನೊಳಗಿನ ಒತ್ತಡ ಒಮ್ಮೆಲೇ ಏರಬಹುದು. ಕಣ್ಣು ಕೆಂಪಾಗಿ, ತಲೆ ಸಿಡಿಯುವಷ್ಟು ನೋವು, ವಾಂತಿ. ಆ ಒತ್ತಡಕ್ಕೆ ಕಣ್ಣಿನ ನರ ಸತ್ತರೆ ಆಮೇಲೆ ಎಂಥ ಮಸೂರ ಹಾಕಿದರೂ ನೋಟ ಬರುವುದಿಲ್ಲ. ಗುಣವಾಗಬಲ್ಲ ಕುರುಡನ್ನು ಗುಣವಾಗದ ಕುರುಡು ಮಾಡುವುದು ಈ ಕಾಯುವಿಕೆಯೇ. 2015ರಿಂದ 2019ರ ನಡುವೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ, ಐವತ್ತು ದಾಟಿದವರ ಕುರುಡಿಗೆ ಶೇ 66ರಷ್ಟು ಕಾರಣ ಚಿಕಿತ್ಸೆಯಾಗದ ಪೊರೆ. ಓದಿದಾಗಲೆಲ್ಲ ಸಂಕಟವಾಗುವ ಅಂಕಿ ಇದು.

ತಪಾಸಣೆಯ ದಿನ ವೈದ್ಯರಿಗೆ ಹೇಳಲೇಬೇಕಾದ ಕೆಲವು ಸಂಗತಿಗಳಿವೆ. ಸಕ್ಕರೆ, ಬಿಪಿ ಬಗ್ಗೆ ಅವರೇ ಕೇಳುತ್ತಾರೆ. ಆದರೆ ಪ್ರಾಸ್ಟೇಟ್ ತೊಂದರೆಗೆ, ಅಂದರೆ ಮೂತ್ರ ಸರಾಗವಾಗಿ ಹೋಗಲು, ಟ್ಯಾಮ್ಸುಲೋಸಿನ್ ಗುಳಿಗೆ ನುಂಗುವ ತಾತಂದಿರು ಅದನ್ನು ಕಣ್ಣಿನ ಡಾಕ್ಟರಿಗೆ ಹೇಳುವುದೇ ಇಲ್ಲ. ಅದಕ್ಕೂ ಕಣ್ಣಿಗೂ ಏನು ಸಂಬಂಧ ಅನ್ನಿಸುವುದು ಸಹಜ. ಆ ಗುಳಿಗೆಯಿಂದ ಪಾಪೆಯ ಸುತ್ತಲಿನ ಬಣ್ಣದ ಪರದೆ ಸಡಿಲವಾಗಿ, ಶಸ್ತ್ರಚಿಕಿತ್ಸೆಯ ನಡುವೆ ಪಾಪೆ ಕುಗ್ಗಿಬಿಡಬಹುದು. ಮೊದಲೇ ಗೊತ್ತಿದ್ದರೆ ವೈದ್ಯರು ಅದಕ್ಕೆ ತಯಾರಾಗಿರುತ್ತಾರೆ. ರಕ್ತ ತೆಳುಮಾಡುವ ಗುಳಿಗೆಯನ್ನೂ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಮಸೂರದ ಆಯ್ಕೆ. ಖಾಸಗಿ ಆಸ್ಪತ್ರೆಯ ಕೌನ್ಸೆಲಿಂಗ್ ಕೋಣೆಯಲ್ಲಿ ಎದುರಾಗುವ ದೃಶ್ಯ ಇದು. ಮೇಜಿನ ಮೇಲೆ ಲ್ಯಾಮಿನೇಟ್ ಮಾಡಿದ ದರಪಟ್ಟಿ, ಸಾಲಿನಿಂದ ಸಾಲಿಗೆ ಬೆಲೆ ಏರುತ್ತ ಹೋಗುತ್ತದೆ. ಮಗ ಎದುರಿಗೆ ಕೂತಿದ್ದಾನೆ. ಪಕ್ಕದಲ್ಲಿ ತಾಯಿ, ಪಾಪೆ ಅರಳಿಸುವ ಹನಿ ಬಿದ್ದ ಕಣ್ಣನ್ನು ಸೆರಗಿನ ತುದಿಯಿಂದ ಒತ್ತಿಕೊಳ್ಳುತ್ತಿದ್ದಾರೆ. "ಒಳ್ಳೇದೇ ಹಾಕಿ ಮೇಡಂ, ದುಡ್ಡಿನ ಯೋಚನೆ ಬೇಡ" ಎನ್ನುತ್ತಾನೆ ಮಗ. ಪ್ರೀತಿಯ ಮಾತು ನಿಜ. ಆದರೆ ಅಮ್ಮನಿಗೆ ದಿನವಿಡೀ ಏನು ಕೆಲಸ, ರಾತ್ರಿ ಹೊರಗೆ ಓಡಾಡುತ್ತಾರಾ, ಹೂ ಕಟ್ಟುತ್ತಾರಾ, ಹೊಲಿಗೆ ಹಾಕುತ್ತಾರಾ, ಓದುವಾಗ ಕನ್ನಡಕ ಹಾಕಿಕೊಳ್ಳಲು ಬೇಸರವಾ ಎಂದು ಆ ಕೋಣೆಯಲ್ಲಿ ಯಾರೂ ಕೇಳಿಲ್ಲ.

ಕೇಳಬೇಕಾದದ್ದು ಅದನ್ನೇ. ಮೊನೋಫೋಕಲ್ ಎಂಬ ಸಾಮಾನ್ಯ ಲೆನ್ಸ್ ಒಂದು ದೂರಕ್ಕೆ ಸ್ಪಷ್ಟ ನೋಟ ಕೊಡುತ್ತದೆ. ಸಾಮಾನ್ಯವಾಗಿ ದೂರಕ್ಕೆ ಹೊಂದಿಸುತ್ತಾರೆ, ಓದಲು ಕನ್ನಡಕ ಬೇಕಾಗುತ್ತದೆ. ಪಟ್ಟಿಯಲ್ಲಿ ಅಗ್ಗದ್ದು ಎಂದ ಮಾತ್ರಕ್ಕೆ ಅದು ಕಳಪೆಯಲ್ಲ. ಕಣ್ಣು ಆರೋಗ್ಯವಾಗಿದ್ದರೆ ದೂರದ ನೋಟದಲ್ಲಿ ಅದು ದುಬಾರಿ ಲೆನ್ಸಿಗೆ ಸಮನಾಗಿಯೇ ನಿಲ್ಲುತ್ತದೆ. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗ 1992ರಲ್ಲಿ ಅರೋಲ್ಯಾಬ್ ಕಟ್ಟಿ ಇಲ್ಲೇ ಲೆನ್ಸ್ ತಯಾರಿಸತೊಡಗಿದ ಮೇಲೆ, ವಿದೇಶಿ ಲೆನ್ಸಿನ ಬೆಲೆ ತೆರಲಾಗದ ಬಡವರಿಗೂ ಅದು ದಕ್ಕಿತು. ಟೋರಿಕ್ ಲೆನ್ಸ್, ಸಿಲಿಂಡರ್ ಪವರ್ ಜಾಸ್ತಿ ಇರುವವರಿಗೆ ನಿಜಕ್ಕೂ ಉಪಯೋಗ. ಮಲ್ಟಿಫೋಕಲ್ ಬಗ್ಗೆ ಮಾತ್ರ ಎರಡು ಸಲ ಯೋಚಿಸಿ. ಅದು ಬೆಳಕನ್ನು ಹತ್ತಿರಕ್ಕೂ ದೂರಕ್ಕೂ ಹಂಚುವುದರಿಂದ ಕನ್ನಡಕದ ಹಂಗು ಕಡಿಮೆಯಾಗುತ್ತದೆ. ಅದೇ ಕಾರಣಕ್ಕೆ ಮಬ್ಬು ಬೆಳಕಿನಲ್ಲಿ ಸ್ಪಷ್ಟತೆ ಕುಗ್ಗಬಹುದು, ರಾತ್ರಿ ದೀಪಗಳ ಸುತ್ತ ಬಳೆಗಳು ಕಾಣಬಹುದು. ರಾತ್ರಿ ಗಾಡಿ ಓಡಿಸುವವರಿಗೆ, ಗ್ಲುಕೋಮಾ ಇರುವವರಿಗೆ, ಸಕ್ಕರೆಯಿಂದ ರೆಟಿನಾ ಕೆಟ್ಟವರಿಗೆ ಅದು ಸಾಮಾನ್ಯವಾಗಿ ಹೊಂದುವುದಿಲ್ಲ. ಒಂದು ಕಣ್ಣಿಗೆ ಲಕ್ಷ ದಾಟುವ ಖರ್ಚು ಮಾಡಿದ ಮೇಲೆ ಇದು ಗೊತ್ತಾಗಬಾರದು. ವಿಮೆ ಇದ್ದರೆ ಪೊರೆಗೆ ಎಷ್ಟು ಮಿತಿಯಿದೆ, ಕಾಯುವ ಅವಧಿ ಮುಗಿದಿದೆಯೇ ಎಂದು ಮೊದಲೇ ವಿಚಾರಿಸಿ.

ಆಪರೇಷನ್ನಿನ ದಿನ ಯಾವ ಕಣ್ಣು ಎಂಬುದಕ್ಕೆ ಹುಬ್ಬಿನ ಮೇಲೆ ಗುರುತು ಮಾಡುತ್ತಾರೆ ಅಥವಾ ಪುಟ್ಟ ಪ್ಲಾಸ್ಟರ್ ಅಂಟಿಸುತ್ತಾರೆ. ಸರಿಯಾದ ಕಣ್ಣಿನ ಮೇಲಿದೆಯೇ ಎಂದು ನೀವೂ ನೋಡಿ. ಮರಗಟ್ಟಿಸಲು ಹನಿ ಹಾಕುತ್ತಾರೆ ಅಥವಾ ಕಣ್ಣಿನ ಪಕ್ಕ ಚುಚ್ಚುಮದ್ದು ಕೊಡುತ್ತಾರೆ. ಎಚ್ಚರವಾಗಿಯೇ ಇರುತ್ತೀರಿ, ಕತ್ತರಿ ಕಾಣುವುದಿಲ್ಲ, ಉಜ್ವಲ ಬೆಳಕು, ತೇಲುವ ಬಣ್ಣಗಳು ಕಾಣುತ್ತವೆ, ನೀರು ಹರಿದಂತೆ ಅನ್ನಿಸುತ್ತದೆ. ವೈದ್ಯರು ಮೂರು ಮಿಲಿಮೀಟರಿಗಿಂತ ಚಿಕ್ಕ ದಾರಿ ಮಾಡಿಕೊಂಡು, ಮಸೂರದ ಚೀಲದ ಮುಂಭಾಗದಲ್ಲಿ ದುಂಡಗೆ ಕಿಟಕಿ ತೆರೆದು, ಒಳಗಿನ ಪೊರೆಯನ್ನು ಪುಡಿಮಾಡಿ ಹೀರುತ್ತಾರೆ. ಅದೇ ಚೀಲದೊಳಗೆ ಮಡಚಿದ ಲೆನ್ಸ್ ಸೇರಿಸಿದಾಗ ಅದು ನಿಧಾನವಾಗಿ ಅರಳಿ ಕೂರುತ್ತದೆ. ಹೆಚ್ಚೆಂದರೆ ಅರ್ಧ ಗಂಟೆ. ಸಾಮಾನ್ಯವಾಗಿ ಹೊಲಿಗೆಯಿಲ್ಲ, ಅದೇ ದಿನ ಮನೆಗೆ. ಬಲಿತ ಪೊರೆಗೆ ಆರೇಳು ಮಿಲಿಮೀಟರಿನ ಸುರಂಗದಂಥ ದಾರಿ ಮಾಡುವ ಕ್ರಮವೂ ಇದೆ. ಸರ್ಕಾರಿ ಆಸ್ಪತ್ರೆ, ಶಿಬಿರಗಳಲ್ಲಿ ಹೆಚ್ಚಾಗಿ ಅದನ್ನೇ ಮಾಡುತ್ತಾರೆ, ಅದಕ್ಕೂ ಹೊಲಿಗೆ ಬೇಕಿಲ್ಲ. ನುರಿತ ಕೈಯಲ್ಲಿ ಅದರ ಫಲಿತಾಂಶವೂ ಚೆನ್ನಾಗಿಯೇ ಇರುತ್ತದೆ.

ಮನೆಗೆ ಬಂದ ಮೇಲೆ ಪಥ್ಯದ ಗಲಾಟೆ. ಬದನೆಕಾಯಿ ನಂಜು, ಕುಂಬಳಕಾಯಿ ನಂಜು, ಮೀನು ಬೇಡ, ಕಡಲೆಬೇಳೆ ಬೇಡ. ಕಣ್ಣಿನ ಗಾಯಕ್ಕೂ ಈ ನಂಜಿನ ಪಟ್ಟಿಗೂ ಸಂಬಂಧವಿಲ್ಲ. ಸಕ್ಕರೆ ಕಾಯಿಲೆಯ ಅಜ್ಜಿಯನ್ನು ಬರೀ ಗಂಜಿಯಲ್ಲಿ ಇಟ್ಟರೆ ಅವರಿಗೆ ಕೇಡೇ ಹೆಚ್ಚು. ನಿಜವಾದ ಪಥ್ಯ ಬೇರೆ: ಕಣ್ಣು ಉಜ್ಜಬಾರದು, ವೈದ್ಯರು ಹೇಳುವವರೆಗೆ ಕಣ್ಣಿಗೆ ನೀರು ಸೋಕಬಾರದು, ತುಂಬಿದ ಕೊಡ ಎತ್ತಬಾರದು, ಒಲೆಯ ಹೊಗೆಯ ಮುಂದೆ ಕೂರಬಾರದು, ಹನಿ ಹಾಕುವ ಮುನ್ನ ಕೈಯನ್ನು ಸೋಪಿನಿಂದ ತೊಳೆಯಬೇಕು. ಬೇಸಿಗೆ, ಮಳೆಗಾಲ, ಚಳಿಗಾಲ ಯಾವುದಾದರೂ ಸರಿ. ಟಿವಿ ನೋಡಬಹುದು, ಓದಬಹುದು. ಸುಮಾರು ಒಂದೂವರೆ ತಿಂಗಳು ಹನಿಗಳನ್ನು ಬರೆದುಕೊಟ್ಟಂತೆಯೇ ಹಾಕಬೇಕು.

ಅಪಾಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಪರೂಪಕ್ಕೆ ಕಣ್ಣೊಳಗೆ ಸೋಂಕು ಸೇರುತ್ತದೆ, ಗಂಟೆಗಳಲ್ಲಿ ನೋಟ ಕಸಿಯುತ್ತದೆ. 2019ರಲ್ಲಿ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಪೊರೆ ತೆಗೆಸಿಕೊಂಡ ಹಲವರು ನೋಟ ಕಳೆದುಕೊಂಡಾಗ ಇಡೀ ರಾಜ್ಯ ಬೆಚ್ಚಿತ್ತು. ಆಪರೇಷನ್ ಆದ ಮೇಲೆ ನೋವು ಹೆಚ್ಚುತ್ತ ಹೋದರೆ, ಕಣ್ಣು ಕೆಂಪೇರಿದರೆ, ಮೊದಲ ದಿನ ಬಂದ ನೋಟ ಮತ್ತೆ ಮಸುಕಾದರೆ, ಮಿಂಚು ಹೊಳೆದಂತೆ ಅಥವಾ ಪರದೆ ಇಳಿದಂತೆ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ಹೊರಡಿ. ನೆಗಡಿಯ ಹಾಗೆ ಹೋಗುತ್ತದೆ ಎಂದು ಸುಮ್ಮನಿರುವ ತೊಂದರೆಯಲ್ಲ ಇದು.

ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಮತ್ತೆ ಮಂಜಾದರೆ ಪೊರೆ ವಾಪಸ್ ಬಂತೆಂದು ಗಾಬರಿ ಬೇಡ. ಲೆನ್ಸ್ ಹಿಂದಿನ ಚೀಲ ಮಬ್ಬಾಗಿರುತ್ತದೆ. ಯಾಗ್ ಲೇಸರ್‌ನಿಂದ ಕೆಲವೇ ನಿಮಿಷಗಳಲ್ಲಿ ತಿಳಿಯಾಗುತ್ತದೆ, ಕೊಯ್ಯುವುದೇನೂ ಇಲ್ಲ.

ದುಡ್ಡಿಲ್ಲ ಎಂಬುದು ಸುಮ್ಮನಿರಲು ಕಾರಣವಾಗಬೇಕಿಲ್ಲ. 1976ರಿಂದ ನಡೆದುಬಂದಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಲೆನ್ಸ್ ಸಹಿತ ಶಸ್ತ್ರಚಿಕಿತ್ಸೆ ಉಚಿತ. ರಾಜ್ಯದ ಆಶಾಕಿರಣ ಯೋಜನೆ ಜಾರಿಯಾದ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೇ ಬಂದು ಕಣ್ಣು ನೋಡಿ ಹೆಸರು ಬರೆದುಕೊಳ್ಳುತ್ತಾರೆ. ಅವರು ಬಂದಾಗ ಮೂಲೆಯ ಕೋಣೆಯಲ್ಲಿ ಮಲಗಿರುವ ಅಜ್ಜಿಯನ್ನೂ ಹೊರಗೆ ಕರೆದು ತೋರಿಸಿ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಲೆನ್ಸಿನ ಪವರ್, ಕಂಪನಿ ನಮೂದಾದ ಸ್ಟಿಕ್ಕರನ್ನು ಕೇಳಿ ಪಡೆದು ಆಧಾರ್ ಕಾರ್ಡಿನ ಜೊತೆಗೇ ಇಡಿ, ಮುಂದೆ ಯಾವ ವೈದ್ಯರ ಬಳಿ ಹೋದರೂ ಬೇಕಾಗುತ್ತದೆ. ಒಂದೂವರೆ ತಿಂಗಳ ಬಳಿಕ ಕನ್ನಡಕದ ನಂಬರ್ ಬರೆಸಲು ಹೋದಾಗ, ಇನ್ನೊಂದು ಕಣ್ಣಿಗೆ ಯಾವಾಗ ಎಂದು ಅಂದೇ ಕೇಳಿಕೊಂಡು ಬನ್ನಿ.