ಹಿರಿಯರ ಬಚ್ಚಲು ಮತ್ತು ನೆರವಿನ ದಾರಿಗಳು
ಬೀಳುವ ಭಯದಿಂದ ರಾತ್ರಿ ಶೌಚಕ್ಕೆ ಏಳಬಾರದೆಂದು ಅನೇಕ ಹಿರಿಯರು ಸಂಜೆಯ ನಂತರ ನೀರನ್ನೇ ಕುಡಿಯುವುದಿಲ್ಲ. ಮಲಬದ್ಧತೆಗೂ ಮೂತ್ರದ ಸೋಂಕಿಗೂ ಇದು ಕಾರಣವಾಗುತ್ತದೆ. ಇಲ್ಲಿ ಔಷಧಿಗಿಂತ ಮೊದಲು ಸರಿಯಾಗಬೇಕಾದುದು ಬಚ್ಚಲು.

ಶೌಚದ ಬಳಿ ಮತ್ತು ವುಝೂ ಮಾಡುವಲ್ಲಿ ಗೋಡೆಗೆ ಭದ್ರವಾದ ಹಿಡಿಕೆ, ಜಾರದ ನೆಲ, ರಾತ್ರಿ ದೀಪ ಇರಲಿ. ಗಾಲಿಕುರ್ಚಿ ಬಳಸುವವರಿದ್ದರೆ ಅರ್ಧ ಅಡಿ ಎತ್ತರದ ಮೆಟ್ಟಿಲಿಗೆ ಆರು ಅಡಿ ಉದ್ದದ ಇಳಿಜಾರು ಬೇಕು.

ಹಣವಿಲ್ಲದವರಿಗೆ ದಾರಿಗಳಿವೆ. 2017ರಲ್ಲಿ ಆರಂಭವಾದ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ, ವಯೋಸಹಜ ತೊಂದರೆಯಿರುವ 60 ದಾಟಿದವರಿಗೆ ವಾಕರ್, ಗಾಲಿಕುರ್ಚಿ, ಕಮೋಡ್ ಕುರ್ಚಿಯಂಥವು ಶಿಬಿರಗಳಲ್ಲಿ ಉಚಿತವಾಗಿ ಸಿಗುತ್ತವೆ. ಬಿಪಿಎಲ್ ಕಾರ್ಡ್ ಇರಬೇಕು ಅಥವಾ ತಿಂಗಳ ಆದಾಯ 15,000 ರೂ. ಮೀರಿರಬಾರದು. ಆದರೆ ಗಾರೆ ಕೆಲಸಕ್ಕೆ ಇದರಲ್ಲಿ ಹಣವಿಲ್ಲ.

ನಮ್ಮ ರಾಜ್ಯದ ಗ್ರಾಮ ಪಂಚಾಯತ್‌ಗಳಲ್ಲಿ ವಿಕಲಚೇತನರಿಗಾಗಿ ಶೇ. 5ರಷ್ಟು ನಿಧಿ ಮೀಸಲಿದೆ. ಯುಡಿಐಡಿ ಕಾರ್ಡ್‌ನೊಂದಿಗೆ ಅರ್ಜಿ ಕೊಟ್ಟು ಕೇಳಿ; ಪಂಚಾಯತ್‌ನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮಾರ್ಗದರ್ಶನ ಮಾಡುತ್ತಾರೆ.

ಬಡವರು ಝಕಾತ್‌ಗೆ ಹಕ್ಕುದಾರರು. ಮೊಹಲ್ಲಾದ ಅಂಥ ಮನೆಗಳಿಗೆ ಹಿಡಿಕೆ, ಇಳಿಜಾರಿನ ಖರ್ಚನ್ನು ಜಮಾಅತ್ ಅದರಿಂದ ಕೊಡಿಸಬಹುದು. ಆದರೆ ಸ್ವಂತ ತಂದೆತಾಯಿಗೆ ಝಕಾತ್ ಸಲ್ಲದು. ಅವರ ಬಚ್ಚಲು ಸರಿಪಡಿಸುವುದು ಮಕ್ಕಳದೇ ಹೊಣೆ.