ಊರೊಟ್ಟಿನ ಹಣ ಯಾರ ಹೆಸರಿನಲ್ಲಿರಬೇಕು?

ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ಊರಿನಲ್ಲಿ ಕೂಡಿ ಮಾಡುವ ಕೆಲಸಗಳ ಮಾತು ಏಳುತ್ತದೆ. ಕೆರೆಯ ಹೂಳು ತೆಗೆಸಬೇಕು, ಗುಡಿಯ ಮಾಡು ಹೊದಿಸಬೇಕು, ದನಗಳಿಗೆ ನೀರಿನ ತೊಟ್ಟಿ ಕಟ್ಟಿಸಬೇಕು. ಅರಳಿಕಟ್ಟೆಯ ಮೇಲೆ ನಾಲ್ಕು ಜನ ಕೂತು ಮನೆಗಿಷ್ಟು ಎಂದು ಪಟ್ಟಿ ಹಾಕುತ್ತಾರೆ. ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ ಹಣವೂ ಕೂಡುತ್ತದೆ. ಆಮೇಲೆ ಬರುವುದು ಒಂದೇ ಪ್ರಶ್ನೆ: ಈ ಹಣ ಎಲ್ಲಿಡೋಣ?

‘ನಮ್ಮ ಕಾರ್ಯದರ್ಶಿಯ ಬ್ಯಾಂಕ್ ಖಾತೆ ಇದೆಯಲ್ಲ, ಅಲ್ಲೇ ಇರಲಿ’ ಎಂದು ಒಬ್ಬರು ಹೇಳುತ್ತಾರೆ. ಉಳಿದವರು ತಲೆಯಾಡಿಸುತ್ತಾರೆ. ಆತ ಪ್ರಾಮಾಣಿಕ, ಆ ಮಾತಿನಲ್ಲಿ ಸಂಶಯವಿಲ್ಲ. ಆದರೂ ರೈತ ಬಾಂಧವರೇ, ಊರೊಟ್ಟಿನ ಹಣ ಕೆಡುವುದು ಬಹುಮಟ್ಟಿಗೆ ಇಲ್ಲಿಂದಲೇ.

ಪ್ರಾಮಾಣಿಕನಿಗೂ ಕಷ್ಟ

ಒಂದು ಪ್ರಸಂಗವನ್ನು ಊಹಿಸಿ ನೋಡಿ. ಕೆರೆ ಕೆಲಸಕ್ಕೆಂದು ಕೂಡಿಸಿದ ಒಂದೂವರೆ ಲಕ್ಷ ರೂಪಾಯಿ ಕಾರ್ಯದರ್ಶಿಯ ಸ್ವಂತ ಖಾತೆಯಲ್ಲಿದೆ. ಮಳೆಗಾಲಕ್ಕೆ ಮುಂಚೆ ಆತ ಆಕಸ್ಮಿಕವಾಗಿ ತೀರಿಕೊಂಡ. ಬ್ಯಾಂಕಿನ ಕಣ್ಣಿಗೆ ಅದು ಅವನ ಸ್ವಂತ ಹಣ. ನಾಮಿನಿ ಇದ್ದರೆ ನಾಮಿನಿಗೆ, ಇಲ್ಲದಿದ್ದರೆ ವಾರಸುದಾರರಿಗೆ ಸಲ್ಲುತ್ತದೆ. ‘ಇದು ಊರ ಹಣ’ ಎಂದು ನೀವು ಹತ್ತು ಜನ ಹೋಗಿ ನಿಂತರೂ ಮ್ಯಾನೇಜರು ಕೊಡುವಂತಿಲ್ಲ. ಮನೆಯವರು ಒಳ್ಳೆಯವರಾದರೆ ಹಣ ಮರಳಿ ಬಂದೀತು. ಅಣ್ಣತಮ್ಮಂದಿರಲ್ಲಿ ಪಾಲಿನ ಜಗಳವಿದ್ದರೆ ಕೆರೆಯ ಹೂಳು ಹಾಗೇ ಉಳಿಯುತ್ತದೆ.

ಸಾವೇ ಆಗಬೇಕೆಂದಿಲ್ಲ. ಆತನ ಬೆಳೆಸಾಲ ಅದೇ ಬ್ಯಾಂಕಿನಲ್ಲಿ ಸುಸ್ತಿಯಾಗಿದ್ದರೆ, ಅವನ ಖಾತೆಯಲ್ಲಿರುವ ಹಣವನ್ನು ಬ್ಯಾಂಕು ಸಾಲಕ್ಕೆ ಹೊಂದಿಸಿಕೊಳ್ಳುವ ಸಂಭವ ಇದೆ. ಠೇವಣಿ ಇಟ್ಟರೆ ಬಡ್ಡಿ ಅವನ ವರಮಾನವಾಗಿ ಲೆಕ್ಕಕ್ಕೆ ಬರುತ್ತದೆ. ಇಬ್ಬರ ಹೆಸರಿನಲ್ಲಿ ಜಂಟಿ ಖಾತೆ ಮಾಡಿದರೂ ಅದು ಇಬ್ಬರು ವ್ಯಕ್ತಿಗಳ ಖಾತೆಯೇ, ಸಂಘದ ಖಾತೆಯಲ್ಲ. ಆದುದರಿಂದ ಮೊದಲನೆಯ ನಿಯಮ ಇದು: ಖಾತೆ ಸಂಘದ ಹೆಸರಿನಲ್ಲೇ ಇರಬೇಕು. ಸಂಘದ ಖಾತೆಗೆ ನಾಮಿನಿ ಎಂಬುದಿಲ್ಲ, ಬೇಕಾಗಿಯೂ ಇಲ್ಲ. ಪದಾಧಿಕಾರಿಗಳು ಬದಲಾದರೂ ಸಂಘದ ಹಣ ಸಂಘದ ಹೆಸರಿನಲ್ಲೇ ಉಳಿಯುತ್ತದೆ.

ನಿಮ್ಮ ಗುಂಪು ಯಾವ ಬಗೆಯದು?

ಬ್ಯಾಂಕಿಗೆ ಹೋಗುವ ಮುನ್ನ ನಿಮ್ಮ ಗುಂಪಿನ ಬಗೆ ತಿಳಿದುಕೊಳ್ಳಿ. ಕೇಳುವ ಕಾಗದಗಳು ಅದರ ಮೇಲೆಯೇ ನಿಂತಿವೆ.

ಸ್ವಸಹಾಯ ಸಂಘವಾದರೆ ದಾರಿ ಸುಲಭ. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. 1993ರಲ್ಲಿ ರಿಸರ್ವ್ ಬ್ಯಾಂಕು ಇಂತಹ ಗುಂಪುಗಳು ನೋಂದಣಿ ಆಗಿರಲಿ ಆಗದಿರಲಿ, ಉಳಿತಾಯ ಖಾತೆ ತೆರೆಯಬಹುದೆಂದು ಅನುಮತಿ ಕೊಟ್ಟಿತು. ಖಾತೆ ತೆರೆಯುವಾಗ ಪದಾಧಿಕಾರಿಗಳ ಗುರುತಿನ ಪತ್ರಗಳಿದ್ದರೆ ಸಾಕು, ಎಲ್ಲ ಸದಸ್ಯರದೂ ಆಗಲೇ ಬೇಕಿಲ್ಲ. ಸಾಲ ಕೇಳುವ ಹೊತ್ತಿಗೆ ಉಳಿದವರದನ್ನು ಕೇಳಿಯಾರು.

ರೈತ ಕೂಟಗಳಿಗೂ ಉಳಿತಾಯ ಖಾತೆ ಸಿಗುತ್ತದೆ. ನಬಾರ್ಡ್ 1982ರಲ್ಲಿ ವಿಕಾಸ ವಾಲಂಟಿಯರ್ ವಾಹಿನಿ ಎಂಬ ಹೆಸರಿನಲ್ಲಿ ಇವನ್ನು ಆರಂಭಿಸಿತ್ತು. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಈ ಕೂಟಗಳ ಹೆಸರೂ ಸೇರಿದೆ.

ಯುವಕ ಮಂಡಲ, ಕೆರೆ ಅಭಿವೃದ್ಧಿ ಸಂಘ, ವಾಚನಾಲಯ ಸಮಿತಿ ಮೊದಲಾದವು ಹಲವು ವರ್ಷ ನಡೆಯಬೇಕಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ನೋಂದಾಯಿಸುವುದು ಲೇಸು. ಕನಿಷ್ಠ ಏಳು ಮಂದಿ ಬೇಕು. ನೋಂದಣಿ ಪತ್ರ, ಉಪವಿಧಿ ಮತ್ತು ಸಂಘದ ಹೆಸರಿನ ಪ್ಯಾನ್ ಇದ್ದರೆ ಬ್ಯಾಂಕಿನಲ್ಲಿ ತಕರಾರು ಕಡಿಮೆ. ಆದರೆ ಪ್ರತಿವರ್ಷ ಸಭೆ ನಡೆಸಿ, ಲೆಕ್ಕ ತಪಾಸಣೆ ಮಾಡಿಸಿ, ನೋಂದಣಾಧಿಕಾರಿಗೆ ವಿವರ ಸಲ್ಲಿಸುವ ಜವಾಬ್ದಾರಿ ಬರುತ್ತದೆ ಎಂಬುದನ್ನು ಮರೆಯಬಾರದು. ಟ್ರಸ್ಟ್ ಆಗಿದ್ದರೆ ಟ್ರಸ್ಟ್ ಪತ್ರ ಮತ್ತು ಅದರ ನೋಂದಣಿ ದಾಖಲೆ ಬೇಕು.

ನೋಂದಣಿಯಾಗದ ಸಮಿತಿಗೂ ಖಾತೆ ಕೊಡಲು ಬರುತ್ತದೆ. ಸಮಿತಿಯ ಗೊತ್ತುವಳಿ, ವ್ಯವಹಾರ ನಡೆಸುವವರಿಗೆ ಕೊಟ್ಟ ಅಧಿಕಾರ ಪತ್ರ, ಅವರ ಗುರುತಿನ ಕಾಗದಗಳು, ಪ್ಯಾನ್ ಅಥವಾ ಫಾರಂ 60ರಂತಹ ಘೋಷಣೆಯನ್ನು ಕೇಳುತ್ತಾರೆ. ಕೆಲವು ಶಾಖೆಗಳು ಹಿಂಜರಿಯುವುದುಂಟು. ಆದುದರಿಂದ ಹಣ ಎತ್ತುವ ಮೊದಲೇ ಹೋಗಿ ವಿಚಾರಿಸಿ.

ಉಳಿತಾಯವೋ, ಚಾಲ್ತಿಯೋ?

ಚಾಲ್ತಿ ಖಾತೆ ವ್ಯಾಪಾರಕ್ಕೆ ಹೇಳಿಸಿದ್ದು. ಅದಕ್ಕೆ ಬಡ್ಡಿ ಇಲ್ಲ, ಇಡಬೇಕಾದ ಕನಿಷ್ಠ ಮೊತ್ತವೂ ಸಾಮಾನ್ಯವಾಗಿ ಹೆಚ್ಚು. ಗೊಬ್ಬರ ತಂದು ಮಾರುವ, ಫಸಲು ಕೊಂಡು ಮಾರುವ ಸಂಸ್ಥೆಗೆ ಅದು ಸರಿ. ವ್ಯಾಪಾರ ಮಾಡುವವರಿಗೆ ಉಳಿತಾಯ ಖಾತೆ ಕೊಡಲು ನಿಯಮದಲ್ಲಿ ಅವಕಾಶವೂ ಇಲ್ಲ. ಆದರೆ ಧರ್ಮಕಾರ್ಯದ ಅಥವಾ ಸೇವೆಯ ಸಂಘಕ್ಕೆ ಉಳಿತಾಯ ಖಾತೆಯೇ ತಕ್ಕದ್ದು. ‘ಸಂಘಕ್ಕೆ ಚಾಲ್ತಿ ಖಾತೆ ಮಾತ್ರ’ ಎಂದು ಗುಮಾಸ್ತರು ಹೇಳಿದರೆ ಕೂಡಲೇ ಒಪ್ಪಬೇಡಿ. ನೋಂದಾಯಿತ ಸಂಘಗಳಿಗೂ ಸ್ವಸಹಾಯ ಗುಂಪುಗಳಿಗೂ ಉಳಿತಾಯ ಖಾತೆಗೆ ಅವಕಾಶವಿದೆ ಎಂದು ಮ್ಯಾನೇಜರ ಬಳಿ ವಿನಯದಿಂದ ಹೇಳಿ.

ಬಡ್ಡಿಯನ್ನು ಈಗ ದಿನದಿನದ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರೆ. 2010ರ ಏಪ್ರಿಲ್‌ನಿಂದ ಈ ಪದ್ಧತಿ ಬಂದಿದೆ. 2011ರಿಂದ ಉಳಿತಾಯದ ಬಡ್ಡಿ ದರವನ್ನು ಆಯಾ ಬ್ಯಾಂಕೇ ನಿಗದಿ ಮಾಡುತ್ತದೆ. ಆದರೂ ಅರ್ಧ ಪರ್ಸೆಂಟ್ ಹೆಚ್ಚು ಬಡ್ಡಿಗಾಗಿ ದೂರದ ಬ್ಯಾಂಕಿಗೆ ಓಡಬೇಡಿ. ಐವತ್ತು ಸಾವಿರಕ್ಕೆ ಅರ್ಧ ಪರ್ಸೆಂಟ್ ಎಂದರೆ ವರ್ಷಕ್ಕೆ 250 ರೂಪಾಯಿ. ನಾಲ್ಕು ಸಲ ಬಸ್ಸು ಹತ್ತಿ ಪೇಟೆಗೆ ಹೋಗಿ ಬಂದರೆ ಅಷ್ಟೂ ಕರಗುತ್ತದೆ.

ಯಾವ ಬ್ಯಾಂಕು?

ಕೈಗೆಟಕುವ ಶಾಖೆಯೇ ಒಳ್ಳೆಯ ಶಾಖೆ. ಹೋದಾಗ ಈ ಮಾತುಗಳನ್ನು ಕೇಳಿ ಬರೆದುಕೊಳ್ಳಿ: ಕನಿಷ್ಠ ಎಷ್ಟು ಇಡಬೇಕು? ಕಡಿಮೆಯಾದರೆ ದಂಡವೆಷ್ಟು? ಚೆಕ್ ಪುಸ್ತಕಕ್ಕೆ ಎಷ್ಟು? ನಗದು ಕಟ್ಟಲು ಶುಲ್ಕವುಂಟೆ? ಎಸ್ಸೆಮ್ಮೆಸ್‌ಗೆ ಎಷ್ಟು ಹಿಡಿಯುತ್ತೀರಿ? ಪಾಸ್‌ಬುಕ್ ಕೊಡುತ್ತೀರಾ? ಜಾತ್ರೆಯ ಹುಂಡಿಯ ಚಿಲ್ಲರೆ ತೆಗೆದುಕೊಳ್ಳುತ್ತೀರಾ? ಎರಡು ಶಾಖೆಗಳಲ್ಲಿ ಕೇಳಿ ಹೋಲಿಸಿದರೆ ಸಾಕು.

ಬ್ಯಾಂಕುಗಳ ಹೆಸರುಗಳು ಬದಲಾಗಿರುವುದನ್ನೂ ಗಮನಿಸಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲೂ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲೂ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲೂ ಸೇರಿಹೋದವು. ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದಾಗಿ, ಬಳ್ಳಾರಿಯಲ್ಲಿ ಮುಖ್ಯ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ನಿಮ್ಮ ಸಂಘದ ರಸೀದಿ ಪುಸ್ತಕದಲ್ಲಿ ಹಳೆಯ ಐಎಫ್‌ಎಸ್‌ಸಿ ಸಂಖ್ಯೆ ಅಚ್ಚಾಗಿದ್ದರೆ ಇಂದೇ ತಿದ್ದಿಸಿ. ದಾನಿ ಕಳಿಸಿದ ಹಣ ಹಿಂದಿರುಗಿ ಹೋದೀತು.

ಐದು ಲಕ್ಷದ ಮಾತು

ಬ್ಯಾಂಕು ಮುಳುಗಿದರೆ ಗತಿಯೇನು? ಠೇವಣಿ ವಿಮೆ ಎಂಬ ರಕ್ಷಣೆ ಇದೆ. 2020ರ ಫೆಬ್ರವರಿ 4ರಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಈ ವಿಮೆ ಇದೆ. ಅದಕ್ಕೆ ಮುಂಚೆ ಇದು ಕೇವಲ ಒಂದು ಲಕ್ಷವಿತ್ತು. ಒಂದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ಇಟ್ಟರೂ ಒಟ್ಟು ಮಿತಿ ಅಷ್ಟೇ. ಸಂಘದ ಹಣ 8 ಲಕ್ಷವಿದ್ದರೆ ಎರಡು ಬೇರೆ ಬೇರೆ ಬ್ಯಾಂಕುಗಳಲ್ಲಿ ಹಂಚಿಡುವುದು ಜಾಣತನ.

ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಪಟ್ಟಣ ಸಹಕಾರ ಬ್ಯಾಂಕು, ಡಿ.ಸಿ.ಸಿ. ಬ್ಯಾಂಕು ಇವೆಲ್ಲ ಈ ವಿಮೆಗೆ ಒಳಪಟ್ಟಿವೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೂ, ಸೌಹಾರ್ದ ಪತ್ತಿನ ಸಹಕಾರಿಗಳಿಗೂ ಈ ವಿಮೆ ಇಲ್ಲ. ಸಹಕಾರವನ್ನು ಹಗುರ ಮಾಡುವ ಮಾತಲ್ಲ ಇದು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘದಿಂದಲೇ ನಾಡಿನ ರೈತ ಸಾಹುಕಾರನ ಹಿಡಿತದಿಂದ ಬಿಡಿಸಿಕೊಳ್ಳಲು ಕಲಿತ. ನಿಮ್ಮ ಸ್ವಂತ ಷೇರು, ಸ್ವಂತ ಠೇವಣಿ ಅಲ್ಲಿರಲಿ. ಆದರೆ ಊರೊಟ್ಟಿನ ಹಣವನ್ನು ಹೆಚ್ಚು ಬಡ್ಡಿಯ ಆಸೆಗೆ ವಿಮೆಯಿಲ್ಲದ ಕಡೆ ಇಡುವ ಹಕ್ಕು ಪದಾಧಿಕಾರಿಗಳಿಗೆ ಇಲ್ಲವೆಂದೇ ತಿಳಿಯಿರಿ.

ಸಹಿ ಯಾರದು?

ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಎಂಬ ಏರ್ಪಾಡು ಒಳ್ಳೆಯದು. ಒಬ್ಬರು ಊರಲ್ಲಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ, ಒಬ್ಬರೇ ಹಣ ತೆಗೆಯಲೂ ಆಗುವುದಿಲ್ಲ. ಮೂವರೂ ಒಂದೇ ಮನೆಯವರಾಗಬಾರದು. ಖಾಲಿ ಚೆಕ್ಕಿಗೆ ಮುಂಚಿತವಾಗಿ ಸಹಿ ಹಾಕಿ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ಇಂದೇ ಬಿಡಿ. ಅದು ಬೇಲಿ ಕಟ್ಟಿ ಗೇಟು ತೆರೆದಿಟ್ಟಂತೆ.

ಗೊತ್ತುವಳಿಯನ್ನು ಹೀಗೆ ಬರೆಯಬಹುದು: ‘ಈ ದಿನದ ಸಭೆಯಲ್ಲಿ ಸಂಘದ ಹೆಸರಿನಲ್ಲಿ ಇಂತಹ ಬ್ಯಾಂಕಿನ ಇಂತಹ ಶಾಖೆಯಲ್ಲಿ ಉಳಿತಾಯ ಖಾತೆ ತೆರೆಯಲು ತೀರ್ಮಾನಿಸಲಾಯಿತು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇವರಲ್ಲಿ ಯಾರಾದರೂ ಇಬ್ಬರು ಜಂಟಿಯಾಗಿ ಖಾತೆ ನಡೆಸತಕ್ಕದ್ದು.’ ಹೆಸರು ಬರೆದು, ಹಾಜರಿದ್ದವರೆಲ್ಲರ ಸಹಿ ಹಾಕಿಸಿ. ಪದಾಧಿಕಾರಿಗಳು ಬದಲಾದ ವಾರದಲ್ಲೇ ಹೊಸ ಗೊತ್ತುವಳಿಯನ್ನು ಬ್ಯಾಂಕಿಗೆ ಕೊಟ್ಟು ಹಳಬರ ಸಹಿ ತೆಗೆಸಿ.

ಈಗ ಜಾತ್ರೆಯಲ್ಲೂ ಫೋನಿನಿಂದಲೇ ಕಾಣಿಕೆ ಬರುತ್ತದೆ. ಆ ಕ್ಯೂಆರ್ ಹಲಗೆ ಸಂಘದ ಖಾತೆಯದೇ ಆಗಿರಬೇಕು, ಕಾರ್ಯದರ್ಶಿಯ ಫೋನಿನದಲ್ಲ. ಫೋನಿನಿಂದ ಹಣ ಕಳಿಸುವ ಸೌಲಭ್ಯ ಕೇಳುವುದಾದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒಪ್ಪಿದ ಮೇಲೆಯೇ ಹಣ ಹೋಗುವ ಏರ್ಪಾಡು ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಬಾಕಿ ನೋಡುವಷ್ಟಕ್ಕೇ ಸಾಕೆನ್ನಿ.

ಪರದೇಶದ ಹಣ ಬಂದರೆ

ಊರಿನ ಹುಡುಗರು ಅಮೆರಿಕದಲ್ಲೋ ದುಬೈಯಲ್ಲೋ ಇದ್ದು ಶಾಲೆಗೆ, ಗುಡಿಗೆ ಹಣ ಕಳಿಸುತ್ತೇವೆ ಎನ್ನುವುದುಂಟು. ಅವರು ಇನ್ನೂ ಭಾರತದ ಪೌರರಾಗಿದ್ದು, ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ ಅದೇ ಹಣ ವಿದೇಶಿ ದೇಣಿಗೆಯಾಗುತ್ತದೆ. ಅದಕ್ಕೆ ಕೇಂದ್ರ ಗೃಹ ಖಾತೆಯ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಅಂತಹ ಹಣ ಮೊದಲು ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆದುದರಿಂದ ಹಣ ತೆಗೆದುಕೊಳ್ಳುವ ಮುನ್ನ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಲು ಸಂಕೋಚ ಬೇಡ.

ಖಾತೆ ಮಲಗಲು ಬಿಡಬೇಡಿ

ಎರಡು ವರ್ಷ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯ ಎನಿಸಿಕೊಳ್ಳುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು. ಆದರೆ ಅಷ್ಟು ಹೊತ್ತಿಗೆ ಸಹಿ ಹಾಕಿದವರು ಎಲ್ಲಿರುತ್ತಾರೋ! ನಿಮ್ಮ ಊರಲ್ಲಿ ನಿಂತುಹೋದ ಯುವಕ ಸಂಘದ ಹಳೆಯ ಪಾಸ್‌ಬುಕ್ ಯಾರದಾದರೂ ಪೆಟ್ಟಿಗೆಯಲ್ಲಿದ್ದರೆ ಹೊರತೆಗೆದು ಬ್ಯಾಂಕಿಗೆ ಒಯ್ಯಿರಿ.

ವಾಣಿಜ್ಯ ಇಲ್ಲವೆ ಗ್ರಾಮೀಣ ಬ್ಯಾಂಕಿನಲ್ಲಿ ಅನ್ಯಾಯವಾಯಿತೆನಿಸಿದರೆ ಮೊದಲು ಶಾಖೆಗೆ ಬರೆದುಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ.

ಕೊನೆಯದಾಗಿ ಒಂದು ಮಾತು. ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ಕನ್ನು ವಾಚನಾಲಯದ ಮೇಜಿನ ಮೇಲಿಟ್ಟು ಎಲ್ಲರಿಗೂ ಕಾಣುವಂತೆ ಓದಿ ಹೇಳಿ. ಇದರಿಂದ ಪದಾಧಿಕಾರಿಗಳಿಗೆ ಅವಮಾನವಿಲ್ಲ. ಬದಲಿಗೆ ಯಾರೂ ಬೆರಳು ತೋರದಂತೆ ಅವರನ್ನು ಕಾಯುವುದೇ ಆ ಲೆಕ್ಕ. ಲೆಕ್ಕ ತೆರೆದಿರುವ ಊರಿನಲ್ಲಿ ಮುಂದಿನ ಸಲ ಪಟ್ಟಿ ಹಾಕಿದಾಗ ಯಾವ ಮನೆಯೂ ಹಿಂದೆಗೆಯುವುದಿಲ್ಲ.