ಹೇಮಾವತಿ ಜಗಳದ ಜಿಲ್ಲೆಯಲ್ಲಿ ಮಕ್ಕಳ ಸಿಟ್ಟಿಗೆ ಪಾಠ ಎಲ್ಲಿ?

ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಜಗಳ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಗೊರೂರು ಜಲಾಶಯದಿಂದ ತುಮಕೂರು ಜಿಲ್ಲೆಗೆ ಬರುವ ನೀರು ಕಾಲುವೆಯ ಕೊನೆಯಲ್ಲಿರುವ ಕುಣಿಗಲ್‌ಗೆ ಸರಿಯಾಗಿ ತಲುಪುತ್ತಿಲ್ಲ ಅನ್ನೋದು ಅಲ್ಲಿಯವರ ಹಳೆಯ ದೂರು. ಅದಕ್ಕಾಗಿ ಗುಬ್ಬಿ ತಾಲೂಕಿನಿಂದಲೇ ಪೈಪ್ ಹಾಕಿ ಕುಣಿಗಲ್ ಕಡೆಗೆ ನೇರವಾಗಿ ನೀರು ಒಯ್ಯುವ ಯೋಜನೆ ಬಂತು. ಆ ನೀರು ಮಾಗಡಿಗೂ ಹೋಗುತ್ತದೆ, ನಮ್ಮ ಪಾಲಿಗೆ ಕತ್ತರಿ ಬೀಳುತ್ತದೆ ಅಂತ ಗುಬ್ಬಿ, ತುರುವೇಕೆರೆ, ತುಮಕೂರಿನ ರೈತರು ಬೀದಿಗಿಳಿದರು. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲೂಕಿನಲ್ಲಿ ನಿಷೇಧಾಜ್ಞೆಯ ನಡುವೆಯೇ ದೊಡ್ಡ ಪ್ರತಿಭಟನೆ ನಡೆಯಿತು.

ಆ ಯೋಜನೆ ಸರಿಯೋ ತಪ್ಪೋ ಅನ್ನೋದು ಇವತ್ತಿನ ವಿಷಯವಲ್ಲ. ಇದೇ ಜಗಳವನ್ನು ಊಟದ ಹೊತ್ತಲ್ಲಿ, ಟೀ ಅಂಗಡಿಯ ಮುಂದೆ, ಅಪ್ಪನ ಮೊಬೈಲಿನ ವಿಡಿಯೋಗಳಲ್ಲಿ ದಿನಾ ಕೇಳುತ್ತಾ ಬೆಳೆಯುತ್ತಿರುವ ಮಕ್ಕಳ ಬಗ್ಗೆ ಯೋಚಿಸೋಣ. ಗುಬ್ಬಿಯ ಆರನೇ ಕ್ಲಾಸಿನ ಹುಡುಗನಿಗೆ ಕುಣಿಗಲ್‌ನವರು ಅಂದರೆ 'ನೀರು ಕದಿಯೋರು'. ಕುಣಿಗಲ್‌ನ ಹುಡುಗಿಗೆ ಗುಬ್ಬಿಯವರು 'ನೀರು ಬಿಡದೋರು'. ಇಬ್ಬರೂ ಒಬ್ಬರನ್ನೊಬ್ಬರು ಕಣ್ಣಲ್ಲಿ ಕಂಡಿಲ್ಲ.

ಭಾವನಾತ್ಮಕ ಬುದ್ಧಿವಂತಿಕೆ ಅನ್ನೋ ಮಾತು ಈಗ ಖಾಸಗಿ ಶಾಲೆಗಳ ಜಾಹೀರಾತಿನಲ್ಲೂ ಸಿಗುತ್ತದೆ. 1990ರಲ್ಲಿ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಈ ಪರಿಕಲ್ಪನೆಗೆ ಒಂದು ಸ್ಪಷ್ಟ ರೂಪ ಕೊಟ್ಟರು, 1995ರಲ್ಲಿ ಡೇನಿಯಲ್ ಗೋಲ್ಮನ್ ಅವರ ಪುಸ್ತಕ ಅದನ್ನು ಮನೆಮಾತು ಮಾಡಿತು. ಸರಳವಾಗಿ ಹೇಳೋದಾದರೆ, ನನಗೀಗ ಏನಾಗ್ತಿದೆ ಅಂತ ಗುರುತಿಸೋದು, ಎದುರಿನವರಿಗೆ ಏನಾಗ್ತಿರಬಹುದು ಅಂತ ಊಹಿಸೋದು, ಆ ತಿಳಿವಳಿಕೆ ಇಟ್ಟುಕೊಂಡು ಮುಂದಿನ ಹೆಜ್ಜೆ ಇಡೋದು. ನಮ್ಮ ಶಾಲೆಗಳಲ್ಲಿ ಇದು ಬಹುಪಾಲು ನೀತಿಪಾಠವಾಗಿ ಬರುತ್ತದೆ. 'ಕೋಪ ಕೆಟ್ಟದ್ದು' ಅಂತ ಬೋರ್ಡಿನ ಮೇಲೆ ಬರೆದು, ಮಕ್ಕಳು ಕಾಪಿ ಮಾಡಿಕೊಂಡರೆ ಮುಗೀತು.

ಗುಬ್ಬಿ ತಾಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಬೇರೆ ಥರದ ಪಾಠ ನೋಡಿದೆ. ಶಾಲೆಯ ಹಿಂದೆ ಸ್ವಲ್ಪ ಇಳಿಜಾರಿನ ಜಾಗ. ಮಕ್ಕಳೇ ಗುದ್ದಲಿ ಹಿಡಿದು ಹದಿನೈದು ಹೆಜ್ಜೆ ಉದ್ದದ ಕಾಲುವೆ ತೋಡಿದರು, ಅದರ ಪಕ್ಕ ಸಾಲಾಗಿ ಆರು ಪಾತಿ. ಮೇಲ್ತುದಿಯಿಂದ ಎರಡು ಬಿಂದಿಗೆ ನೀರು ಬಿಡೋದು. ಯಾರು ಎಷ್ಟು ಹೊತ್ತು ಬೇಕಾದರೂ ತಮ್ಮ ಪಾತಿಗೆ ನೀರು ತಿರುಗಿಸಿಕೊಳ್ಳಬಹುದು, ಅಷ್ಟೇ ನಿಯಮ.

ಮೊದಲ ಸುತ್ತಿನಲ್ಲಿ ಮೇಲಿನ ಮೂರು ಪಾತಿ ತುಂಬಿ ಹರಿದವು. ಕೊನೆಯದಕ್ಕೆ ಒಂದು ಹನಿ ಇಲ್ಲ. 'ಮಿಸ್, ಅವ್ರು ಬಿಡ್ತಾನೇ ಇಲ್ಲ' ಅಂತ ಕೂಗಿದ ಹುಡುಗ ಎದ್ದು ಹೋಗಿ ಮೇಲಿನವನ ಬದು ಒದ್ದು ಕೆಡವಿದ. ಮೇಡಂ ಬೈಯಲಿಲ್ಲ. ಎಲ್ಲರನ್ನೂ ಕೂರಿಸಿ, 'ಸಿಟ್ಟು ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಯ್ತು?' ಅಂತ ಕೇಳಿದರು. 'ಏನಿಲ್ಲ' ಅಂದವನು ತಲೆ ತಗ್ಗಿಸಿದ. ಐದನೇ ಪಾತಿಯ ಹುಡುಗಿ, 'ಗಂಟ್ಲು ಕಟ್ದಂಗಾಯ್ತು ಮಿಸ್' ಅಂದಳು.

ಜಾಗ ಅದಲು ಬದಲಾಯಿತು. ಕೊನೆಯಲ್ಲಿದ್ದವರು ಮೇಲೆ ಬಂದರು. ಇನ್ನು ಮೇಲೆ ಅವರು ನ್ಯಾಯವಾಗಿ ಹಂಚುತ್ತಾರೆ ಅಂದುಕೊಂಡಿರಾ? ಇಲ್ಲ, ಇನ್ನೂ ಜಾಸ್ತಿ ಹೊತ್ತು ತಿರುಗಿಸಿಕೊಂಡರು! ನೋವು ತಿಂದವರು ತಾನಾಗೇ ದಯೆ ಕಲಿಯುತ್ತಾರೆ ಅನ್ನೋದು ದೊಡ್ಡವರ ಭ್ರಮೆ. ಮೂರನೇ ಸುತ್ತಿಗೆ ಮುಂಚೆ ಮಕ್ಕಳು ತಾವೇ ಮಾತಾಡಿಕೊಂಡು, ಒಬ್ಬೊಬ್ಬರಿಗೆ ಇಪ್ಪತ್ತು ಎಣಿಸುವವರೆಗೆ ನೀರು ಅಂತ ನಿಯಮ ಮಾಡಿದರು, ಒಬ್ಬಳನ್ನು ನೀರುಗಂಟಿ ಮಾಡಿದರು.

ಆಮೇಲೆ ನಡೆದದ್ದೇ ನನಗೆ ಮುಖ್ಯ ಅನಿಸಿತು. ಎಲ್ಲರೂ ನಿಯಮ ಪಾಲಿಸಿದರು, ಆದರೂ ಕೊನೆಯ ಪಾತಿಗೆ ನೀರು ಕಡಿಮೆಯೇ ಬಂತು. ದಾರಿಯುದ್ದಕ್ಕೂ ಮಣ್ಣು ಕುಡಿದಿತ್ತು. ಮೇಲಿನವರು ಕದ್ದಿರಲಿಲ್ಲ. ಕೊನೆಯಲ್ಲಿ ಕೂತವರ ಸಿಟ್ಟು ಸುಳ್ಳಾಗಿರಲಿಲ್ಲ, ಅದು ತೋರಿಸಿದ ಬೆರಳು ಮಾತ್ರ ಬೇರೆ ಕಡೆ ತಿರುಗಬೇಕಿತ್ತು. ಸೋರಿಕೆ, ಹೂಳು, ದುರಸ್ತಿ ಇಲ್ಲದ ಕಾಲುವೆ, ಇಷ್ಟೊಂದು ಪಾತಿಗೆ ಇಷ್ಟೇ ನೀರು ಸಾಕು ಅಂತ ಮೊದಲೇ ತೀರ್ಮಾನಿಸಿದವರು.

ಹೊರಾಂಗಣ ಕಲಿಕೆ ಯಾಕೆ ಬೇಕು ಅನ್ನೋದಕ್ಕೆ ನನ್ನ ಉತ್ತರ ಇದೇ. 'ನಿಸರ್ಗದ ಮಡಿಲು, ಶುದ್ಧ ಗಾಳಿ' ಥರದ ಮಾತು ಹಳ್ಳಿ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಕ್ಲಾಸಿನೊಳಗೆ ಮಗುವಿನ ಭಾವನೆಗೆ ಉತ್ತರ ಕೊಡೋದು ಟೀಚರ್ ಮಾತ್ರ. ಹೊರಗೆ ಮಣ್ಣು, ಇಳಿಜಾರು, ಬಿಸಿಲು, ಜೊತೆಯವರು ಎಲ್ಲರೂ ಉತ್ತರ ಕೊಡ್ತಾರೆ. ಅನಿಸಿಕೆ ಮತ್ತು ಸತ್ಯ ಎರಡೂ ಅಲ್ಲಿ ಮುಖಾಮುಖಿಯಾಗುತ್ತವೆ. ಇದೇನೂ ಹೊಸದಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು, 1972ರಿಂದ ಕೋಲಾರ ಜಿಲ್ಲೆಯ ನೀಲ್‌ಬಾಗ್‌ನಲ್ಲಿ ಡೇವಿಡ್ ಹಾರ್ಸ್‌ಬರೋ, ಗೋಡೆಯಾಚೆಯ ಕಲಿಕೆಯನ್ನು ಇಲ್ಲೇ ಮಾಡಿ ತೋರಿಸಿದ್ದರು.

ಎರಡು ಅಪಾಯ ಇವೆ. ಒಂದು, ಭಾವನೆಯ ಪಾಠ ಅನ್ನೋದು ಬಡವರ ಮಕ್ಕಳನ್ನು ಸುಮ್ಮನಿರಿಸುವ ಉಪಾಯ ಆಗಿಬಿಡೋದು. ಕೊನೆಯ ಪಾತಿಯ ಹುಡುಗನಿಗೆ 'ಉಸಿರು ಎಳೆದುಕೋ, ಹತ್ತು ಎಣಿಸು' ಅಂತ ಹೇಳಿ, ನೀರಿನ ಮಾತೇ ಎತ್ತದಿದ್ದರೆ ಅದು ಪಾಠವಲ್ಲ, ಅನ್ಯಾಯಕ್ಕೆ ಒಗ್ಗಿಸುವ ತರಬೇತಿ. ಸಿಟ್ಟಿಲ್ಲದೆ ಅಂಬೇಡ್ಕರ್ ಮಹಾಡ್‌ನ ಕೆರೆಗೆ ಇಳಿಯುತ್ತಿದ್ದರಾ? 1927ರ ಆ ಸತ್ಯಾಗ್ರಹ ನೀರಿನದೇ ಆಗಿತ್ತು.

ಎರಡು, 'ಹೊರಗೆ' ಅನ್ನೋದು ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಹೊರಗಿನ ಕೆಲಸ ಅಂದಕೂಡಲೇ ಶೌಚಾಲಯ ತೊಳೆಯಲು ದಲಿತ ಮಕ್ಕಳನ್ನೇ ಕಳಿಸಿದ ಪ್ರಕರಣಗಳು ನಮ್ಮ ರಾಜ್ಯದಲ್ಲೇ ಸುದ್ದಿಯಾಗಿವೆ. ದೊಡ್ಡವಳಾದ ಮೇಲೆ ಕೆರೆ ಏರಿಯ ಕಡೆ ಹೋಗಬೇಡ ಅನ್ನೋ ಮಾತು ಹುಡುಗಿಯರಿಗೆ ಮಾತ್ರ. ಅದಕ್ಕೇ ಆಟದಲ್ಲಿ ನೀರುಗಂಟಿ ಯಾರು, ಗುದ್ದಲಿ ಯಾರ ಕೈಗೆ, ಬಿಂದಿಗೆಯಿಂದ ಯಾರು ಕುಡಿದರು, ಯಾರು ಕುಡಿಯಲಿಲ್ಲ ಅಂತ ಟೀಚರ್ ಕಣ್ಣಿಡಬೇಕು. ಪಾಠದ ಅರ್ಧ ಅಲ್ಲೇ ಇದೆ.

ಇದಕ್ಕೆಲ್ಲ ಹೊಸ ಯೋಜನೆ ಬೇಕಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ನನಗೆ ಬೇಕಾದಷ್ಟು ತಕರಾರಿದೆ, ಆದರೂ 6ರಿಂದ 8ನೇ ತರಗತಿಗೆ ಬ್ಯಾಗಿಲ್ಲದ 10 ದಿನಗಳ ಮಾತು ಅದರಲ್ಲಿದೆ. ನಮ್ಮಲ್ಲಿ ಬ್ಯಾಗ್ ರಹಿತ 'ಸಂಭ್ರಮ ಶನಿವಾರ'ವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲೆಗೆ ಆಟದ ಮೈದಾನ ಇರಲೇಬೇಕು. ಇಲ್ಲದಿರೋದು ಟೀಚರ್. ಒಬ್ಬರೇ ಮೇಷ್ಟ್ರು ಐದು ತರಗತಿ ನೋಡಿಕೊಳ್ಳುವ ಕಡೆ, ಇಪ್ಪತ್ತು ಮಕ್ಕಳನ್ನು ಕೆರೆ ಹತ್ತಿರ ಒಯ್ಯಿ ಅಂತ ಹೇಳೋದು ಕ್ರೌರ್ಯ. ನೀರಿನ ಹತ್ತಿರ ಮಕ್ಕಳ ಜೀವದ ಪ್ರಶ್ನೆ ಬೇರೆ. ಖಾಲಿ ಹುದ್ದೆ ತುಂಬದೆ ಮಾಡ್ಯೂಲ್ ಅಚ್ಚು ಹಾಕಿಸಿದರೆ ಅದು ಬೀರುವಿನಲ್ಲೇ ಇರುತ್ತದೆ.

ಹೋಗೋದಾದರೆ ಎಲ್ಲಿಗೆ? ಶಿಂಷಾ ನದಿ ಹುಟ್ಟೋದು ತುಮಕೂರಿನ ಪಕ್ಕದ ದೇವರಾಯನದುರ್ಗದಲ್ಲಿ. ಅದು ಗುಬ್ಬಿ ತಾಲೂಕಿನಲ್ಲಿ ಕಡಬದ ಕೆರೆಯಾಗಿ, ಕುಣಿಗಲ್ ತಾಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯವಾಗಿ ನಿಲ್ಲುತ್ತದೆ. ಮೂರೂ ತಾಲೂಕಿನ ಮಕ್ಕಳಿಗೆ ಒಂದೇ ನದಿ, ಬೆಳಿಗ್ಗೆ ಹೊರಟು ಸಂಜೆಗೆ ಬರುವಷ್ಟು ದೂರ. ಒಂದು ಸಂಭ್ರಮ ಶನಿವಾರ ಗುಬ್ಬಿಯ ಬಸ್ಸು ಮಾರ್ಕೋನಹಳ್ಳಿಗೆ ಹೋಗಲಿ, ಮುಂದಿನ ತಿಂಗಳು ಕುಣಿಗಲ್‌ನ ಬಸ್ಸು ಕಡಬಕ್ಕೆ ಬರಲಿ. ಊಟದ ಡಬ್ಬಿ ಬಿಚ್ಚಿದ ಮೇಲೆ ಮಕ್ಕಳು ಕೇಳಬೇಕಾದ ಮೊದಲ ಪ್ರಶ್ನೆ ಇಷ್ಟೇ: 'ನಿಮ್ಮೂರಿಗೆ ನೀರು ಯಾವತ್ತು ಬರುತ್ತೆ?'